ವಾರ್ಷಿಕ ವರದಿಗೂ ತ್ರೈಮಾಸಿಕ ಪತ್ರಿಕೆಗೂ ಒಂದೇ ಕನ್ನಡ ಫಾಂಟ್ ಕುಟುಂಬ ಸಾಕೇ?

ಸಾಗರದ_ಪುಟವಿನ್ಯಾಸ

ಎಲ್ಲರಿಗೂ ನಮಸ್ಕಾರ. ಸಾಗರ ಕಡೆಯ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರ ಎರಡು ಕೆಲಸ ಒಟ್ಟಿಗೇ ಬಂದಿವೆ. ಮೊದಲನೆಯದು ಸೆಪ್ಟೆಂಬರ್ ಮಹಾಸಭೆಗೆ ಹಂಚುವ ವಾರ್ಷಿಕ ವರದಿ. ಎ4 ಅಳತೆ, 64 ಪುಟ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್), ಜಮಾ-ಖರ್ಚು, ಶಾಖಾವಾರು ಪಟ್ಟಿಗಳು. ಎರಡನೆಯದು ಸದಸ್ಯರಿಗೆ ಮೂರು ತಿಂಗಳಿಗೊಮ್ಮೆ ಕಳಿಸುವ ಪತ್ರಿಕೆ. ಕ್ರೌನ್ 1/4, 32 ಪುಟ, ಬಹುಪಾಲು ಲೇಖನಗಳು. ಇವುಗಳ ಹಿಂದೆಯೇ ಲೆಟರ್‌ಹೆಡ್, ರಸೀದಿ ಪುಸ್ತಕ, ಶಾಖೆಗಳ ನಾಮಫಲಕ ಬರಲಿವೆ.

ಇಷ್ಟು ವರ್ಷ ಎಲ್ಲವೂ ಪೇಜ್‌ಮೇಕರ್‌ನಲ್ಲಿ, ನುಡಿ ಫಾಂಟುಗಳಲ್ಲಿ ನಡೆದಿದೆ. ಈಗ ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶಕ್ಕೆ ಮತ್ತು ಯೂನಿಕೋಡ್‌ಗೆ ತರಬೇಕು. ಸಂಘದ ಹೊಸ ಲಾಂಛನದಲ್ಲಿ ಇಂಗ್ಲಿಷ್ ಹೆಸರು ಪಾಪಿನ್ಸ್‌ನಲ್ಲಿದೆ, ಆದ್ದರಿಂದ ಎಲ್ಲ ಕಡೆ ಪಾಪಿನ್ಸ್ ಬಳಸಿ ಎಂದು ಹೇಳಿದ್ದಾರೆ. ಕನ್ನಡ ಟೈಪಿಸಿದರೆ ಬೇರೇನೋ ಅಕ್ಷರ ಬರುತ್ತಿದೆ.

ನನಗೆ ತಿಳಿಯಬೇಕಾದ್ದು ಇಷ್ಟು. ವರದಿಗೂ ಪತ್ರಿಕೆಗೂ ಒಂದೇ ಕುಟುಂಬ ಇರಬೇಕೇ, ಎರಡು ಬೇಕೇ? ತೆಳುವಿನಿಂದ ದಪ್ಪದವರೆಗೆ ಸಾಕಷ್ಟು ರೂಪಗಳಿರುವ ಕನ್ನಡ ಕುಟುಂಬಗಳು ಯಾವುವು? ಜೊತೆಗೆ ಯಾವ ಇಂಗ್ಲಿಷ್ ಫಾಂಟ್ ಹೊಂದುತ್ತದೆ? ಇನ್ನೊಂದು, 'ರಾಷ್ಟ್ರೀಕೃತ', 'ಶಾಸ್ತ್ರೋಕ್ತ' ಥರದ ಪದಗಳ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದೆ. ಒಳಪುಟ 70 ಜಿಎಸ್‌ಎಂ ಮ್ಯಾಪ್ಲಿಥೋ (ಹೊಳಪಿಲ್ಲದ ಮುದ್ರಣ ಕಾಗದ), ಮುಖಪುಟ 300 ಜಿಎಸ್‌ಎಂ ಆರ್ಟ್ ಕಾರ್ಡ್. ಶಿವಮೊಗ್ಗದಲ್ಲಿ ಆಫ್‌ಸೆಟ್ ಮುದ್ರಣ.

ಅಕ್ಷರಕೂಟ

ಪಾಪಿನ್ಸ್‌ನಲ್ಲಿ ದೇವನಾಗರಿ ಇದೆ, ಕನ್ನಡ ಇಲ್ಲ. ಇಲ್ಲದ ಅಕ್ಷರ ಸಿಕ್ಕಿದಾಗ ವಿಂಡೋಸ್ ಮತ್ತು ವರ್ಡ್ ತಮ್ಮಲ್ಲಿರುವ ನಿರ್ಮಲಾ ಯುಐ ಅಥವಾ ತುಂಗಾವನ್ನು ಸದ್ದಿಲ್ಲದೆ ತುಂಬಿಬಿಡುತ್ತವೆ. ನಿಮ್ಮ ಪರದೆಯಲ್ಲಿ ಒಂದು, ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಇನ್ನೊಂದು, ಮೊಬೈಲಿನಲ್ಲಿ ಮತ್ತೊಂದು ಕಾಣುತ್ತದೆ. ಲಾಂಛನದಲ್ಲಿ ಪಾಪಿನ್ಸ್ ಹಾಗೇ ಇರಲಿ, ಅದು ಚಿತ್ರ ಇದ್ದ ಹಾಗೆ. ಉಳಿದದ್ದಕ್ಕೆ ಮೊದಲು ಕನ್ನಡವನ್ನು ಆರಿಸಿ, ಆಮೇಲೆ ಅದಕ್ಕೊಂದು ಇಂಗ್ಲಿಷ್ ಹುಡುಕಿ. ಓದುವವರ ಕಣ್ಣಿಗೆ ಬೀಳುವುದರಲ್ಲಿ ಬಹುಪಾಲು ಕನ್ನಡವೇ ಆಗಿರುವಾಗ ಇಂಗ್ಲಿಷ್ ಆರಿಸಿಕೊಂಡು ಕನ್ನಡವನ್ನು ಅದರ ಹಿಂದೆ ಎಳೆದುಕೊಂಡು ಹೋಗುವುದು ತಿರುಗಾಮುರುಗಾ ಕೆಲಸ.

ಫಾಂಟ್ ಪರೀಕ್ಷೆಗೆ 'ಕನ್ನಡ ನಾಡು' ಅಂತ ಬರೆದು ನೋಡಿದರೆ ಏನೂ ತಿಳಿಯುವುದಿಲ್ಲ. ಅದರಲ್ಲಿ ಕಷ್ಟದ ಅಕ್ಷರವೇ ಇಲ್ಲ. ನಿಮ್ಮ ವರದಿಯ ಪದಗಳನ್ನೇ ಹಾಕಿ: ಠೇವಣಿ, ಷೇರು ಬಂಡವಾಳ, ಆಪದ್ಧನ ನಿಧಿ, ಅಢಾವೆ, ಕಾರ್ಯದರ್ಶಿ, ತೀರ್ಥಹಳ್ಳಿ, ರಿಪ್ಪನ್‌ಪೇಟೆ, ರಾಷ್ಟ್ರೀಕೃತ, ಲಕ್ಷ್ಮೀ. 'ಠ'ದ ಒಳಗಿನ ಚುಕ್ಕೆ ಮುಚ್ಚಿಹೋದರೆ ಠೇವಣಿ 'ರೇವಣಿ' ಆಗುತ್ತದೆ. 'ಷ'ದ ಒಳಗೆರೆ ತುಂಬಿದರೆ ಷೇರು 'ಪೇರು' ಆಗುತ್ತದೆ. 'ಧ', 'ಢ'ಗಳ ಕೆಳಗಿನ ಸೀಳು ಸಣ್ಣ ಅಳತೆಯಲ್ಲಿ ಉಳಿಯದಿದ್ದರೆ ನಿಧಿ 'ನಿದಿ'ಯಾಗಿ, ಅಢಾವೆ 'ಅಡಾವೆ'ಯಾಗಿ ಓದಿಸಿಕೊಳ್ಳುತ್ತದೆ. ಇವನ್ನು 8, 9, 10.5 ಪಾಯಿಂಟ್‌ನಲ್ಲಿ ರೆಗ್ಯುಲರ್ ಮತ್ತು ಬೋಲ್ಡ್ ಎರಡರಲ್ಲೂ ಇಟ್ಟು, ಲೇಸರ್ ಪ್ರಿಂಟ್ ತೆಗೆದು, ಆ ಪ್ರಿಂಟನ್ನು ಒಮ್ಮೆ ಜೆರಾಕ್ಸ್ ಮಾಡಿಸಿ. ಜೆರಾಕ್ಸ್ ಪ್ರತಿಯಲ್ಲೂ ಓದಲು ಬಂದ ಫಾಂಟ್ ನಿಮ್ಮ ಮ್ಯಾಪ್ಲಿಥೋದಲ್ಲೂ ನಿಲ್ಲುತ್ತದೆ.

ಈಗ ಆಯ್ಕೆಗಳು. ಇಂಗ್ಲಿಷಿನಲ್ಲಿ ಸೆರಿಫ್ (ಗೆರೆಯ ತುದಿಗೆ ಚಿಕ್ಕ ಅಡ್ಡಗೆರೆ ಇರುವುದು), ಸ್ಯಾನ್ಸ್ (ಇಲ್ಲದಿರುವುದು) ಅಂತ ಹೇಳುವ ವ್ಯತ್ಯಾಸ ಕನ್ನಡದಲ್ಲಿ ಗೆರೆಯ ದಪ್ಪ-ತೆಳುವಿನಲ್ಲಿ ಕಾಣುತ್ತದೆ. ಬರೆಯುವಾಗ ಲೇಖನಿ ತಿರುಗಿದಂತೆ ಗೆರೆ ದಪ್ಪ-ತೆಳು ಆಗುವುದು ಒಂದು ಬಗೆ. ಎಲ್ಲೆಡೆ ಬಹುತೇಕ ಒಂದೇ ದಪ್ಪ ಇರುವುದು ಇನ್ನೊಂದು ಬಗೆ. ದೀರ್ಘ ಓದಿಗೆ ಮೊದಲನೆಯದು ಹಿತ. ಕೋಷ್ಟಕ, ಫಲಕ, ಮೊಬೈಲ್ ಪರದೆಗೆ ಎರಡನೆಯದು ವಾಸಿ.

ನೋಟೊ ಸೆರಿಫ್ ಕನ್ನಡ ದಪ್ಪ-ತೆಳು ಬಗೆಯದು. ತೂಕ, ಅಂದರೆ ಗೆರೆಯ ದಪ್ಪವನ್ನು ಹೇಳುವ ಅಂಕಿ, ತೀರ ತೆಳುವಾದ 100ರಿಂದ ತೀರ ದಪ್ಪನೆಯ 900ರವರೆಗೆ ಇದೆ. ಪತ್ರಿಕೆಯ ಲೇಖನಕ್ಕೂ ವರದಿಯ 'ಆಡಳಿತ ಮಂಡಳಿಯ ವರದಿ' ಭಾಗಕ್ಕೂ ಇದನ್ನೇ ಹೇಳುತ್ತೇನೆ. ಜೊತೆಗೆ ಇಂಗ್ಲಿಷ್ ನೋಟೊ ಸೆರಿಫ್ ಬಳಸಿದರೆ ಇಟಾಲಿಕ್ ಕೂಡ ಸಿಗುತ್ತದೆ.

ಅನೇಕ್ ಕನ್ನಡ 2022ರಲ್ಲಿ ಏಕ್ ಟೈಪ್ ಹೊರತಂದದ್ದು. ಸಮದಪ್ಪದ ಬಗೆ. ತೂಕ 100ರಿಂದ 800, ಅದರ ಜೊತೆಗೆ ಅಗಲವೂ 75ರಿಂದ 125ರವರೆಗೆ ಬದಲಾಗುತ್ತದೆ. ಕೋಷ್ಟಕಕ್ಕೆ ಇದರ ಬೆಲೆ ಬಹಳ. 'ಹಿಂದಿನ ಸಾಲಿನ ಆಖೈರು ಶಿಲ್ಕು' ಅನ್ನುವ ಶೀರ್ಷಿಕೆ 28 ಮಿ.ಮೀ. ಕಂಬದಲ್ಲಿ ಹಿಡಿಯದಿದ್ದಾಗ ಜನ ಸಾಮಾನ್ಯವಾಗಿ ಅಕ್ಷರವನ್ನು ಅಡ್ಡಕ್ಕೆ 80%ಗೆ ಹಿಚುಕುತ್ತಾರೆ. ಹಿಚುಕಿದರೆ ನಿಂತ ಗೆರೆ ತೆಳುವಾಗಿ ಮಲಗಿದ ಗೆರೆ ಹಾಗೇ ಉಳಿಯುತ್ತದೆ, 'ಠ'ದ ಒಳಜಾಗ ಮೊದಲು ಸಾಯುತ್ತದೆ. ಅಗಲ ಕಡಿಮೆ ಇರುವಂತೆಯೇ ಬರೆದ ರೂಪದಲ್ಲಿ ಈ ತೊಂದರೆ ಇಲ್ಲ. ಇದರ ಜೋಡಿ ಅನೇಕ್ ಲ್ಯಾಟಿನ್. ಪಾಪಿನ್ಸ್ ಲಾಂಛನದ ಪಕ್ಕದಲ್ಲೂ ಜಗಳವಾಡುವುದಿಲ್ಲ.

ಬಾಲೂ ತಮ್ಮ 2 ಐದು ತೂಕಗಳಲ್ಲಿದೆ, ದುಂಡಗೆ ದಪ್ಪಗೆ. ಫ್ಲೆಕ್ಸ್‌ಗೆ, ಮಕ್ಕಳ ಪುಟಕ್ಕೆ ಚೆನ್ನ. ಅಢಾವೆ ಪತ್ರಿಕೆಯ ತಲೆಬರಹಕ್ಕೆ ಬೇಡ. ತೀರೊ ಕನ್ನಡ ಬಹಳ ಚೆಲುವಾದ ಪುಸ್ತಕದ ಅಕ್ಷರ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನದ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಮಾಲೆಗಾಗಿ ಮಾಡಿಸಿದ ಅಕ್ಷರದಿಂದ ಬಂದದ್ದು. ಆದರೆ ಅದರಲ್ಲಿ ರೆಗ್ಯುಲರ್ ಮತ್ತು ಇಟಾಲಿಕ್ ಮಾತ್ರ, ಬೋಲ್ಡ್ ಇಲ್ಲ. ಹುಬ್ಬಳ್ಳಿ, ಬೆಣ್ಣೆ ಹೆಸರಿನ ಫಾಂಟುಗಳೂ ಒಂದೊಂದೇ ತೂಕದವು. ಇಂಥವುಗಳ ಮೇಲೆ ಕಂಟ್ರೋಲ್-ಬಿ ಒತ್ತಿದರೆ ವರ್ಡ್ ಗೆರೆಯ ಸುತ್ತ ಮಸಿ ಬಳಿದು ಸುಳ್ಳು ಬೋಲ್ಡ್ ಮಾಡುತ್ತದೆ. ಒತ್ತಕ್ಷರಗಳು ಕಪ್ಪು ಮುದ್ದೆಯಾಗುತ್ತವೆ. ಇನ್‌ಡಿಸೈನ್ ಹಾಗೆ ಮಾಡುವುದಿಲ್ಲ, ರೂಪ ಇಲ್ಲ ಎಂದು ತೋರಿಸುತ್ತದೆ. ಅದು ಒಳ್ಳೆಯದೇ.

ಇವೆಲ್ಲ ಓಪನ್ ಫಾಂಟ್ ಲೈಸೆನ್ಸ್‌ನವು. ಮುದ್ರಣ, ಜಾಲತಾಣ, ಪಿಡಿಎಫ್ ಎಲ್ಲದಕ್ಕೂ ಬಳಸಬಹುದು, ಶಾಖೆಗಳಿಗೂ ಪ್ರೆಸ್ಸಿಗೂ ಫೈಲ್ ಕೊಡಬಹುದು. ವಿಂಡೋಸ್ ಜೊತೆ ಬಂದ ತುಂಗಾ, ನಿರ್ಮಲಾಗಳ ಫೈಲನ್ನು ಹಾಗೆ ಹಂಚುವಂತಿಲ್ಲ. ಒಂದು ಸಂಸ್ಥೆಯ ಗುರುತಾಗಿ ಹತ್ತು ಶಾಖೆಯಲ್ಲಿ ಬಳಸುವ ಅಕ್ಷರಕ್ಕೆ ಇದು ಸಣ್ಣ ವಿಷಯವಲ್ಲ.

ಹಾಗಾದರೆ ಒಂದೋ ಎರಡೋ? ನನ್ನ ಉತ್ತರ ಎರಡು, ಮೂರನೆಯದು ಬೇಡವೇ ಬೇಡ. ಓದಿಗೆ ನೋಟೊ ಸೆರಿಫ್ ಕನ್ನಡ. ತಲೆಬರಹ, ಕೋಷ್ಟಕ, ಚಿತ್ರಶೀರ್ಷಿಕೆ, ಲೆಟರ್‌ಹೆಡ್, ಫಲಕಕ್ಕೆ ಅನೇಕ್. ಪತ್ರಿಕೆಯಲ್ಲಿ ಸೆರಿಫ್ ಮುಂದೆ ಇರುತ್ತದೆ, ಅನೇಕ್ ಹಿಂದೆ. ವರದಿಯಲ್ಲಿ ಅದಲುಬದಲು. ಸಂಘದ್ದು ಎಂಬ ಗುರುತು ಎರಡರಲ್ಲೂ ಉಳಿಯುತ್ತದೆ.

ಕುಟುಂಬ ಎಂದರೆ ತೂಕ, ಅಗಲಗಳ ಒಂದು ಲೆಕ್ಕಾಚಾರ ಎಂದು ಮೊದಲಿಗೆ ಸ್ಪಷ್ಟವಾಗಿ ತೋರಿಸಿದ್ದು 1957ರ ಯೂನಿವರ್ಸ್. ಏಡ್ರಿಯನ್ ಫ್ರುಟಿಗರ್ ಅದರ 21 ರೂಪಗಳಿಗೆ ಹೆಸರಿನ ಬದಲು ಅಂಕಿ ಕೊಟ್ಟರು. 55 ಎಂದರೆ ಸಾಮಾನ್ಯ, ಮೊದಲ ಅಂಕಿ ತೂಕ, ಎರಡನೆಯದು ಅಗಲ ಮತ್ತು ಓರೆ. ನೀವೂ ಹಾಗೇ ಮಾಡಿ. ಯಾವ ಜಾಗಕ್ಕೆ ಯಾವ ತೂಕ ಎಂದು ಮೊದಲೇ ಗೊತ್ತುಮಾಡಿ ಪ್ಯಾರಾಗ್ರಾಫ್ ಸ್ಟೈಲ್‌ಗಳಲ್ಲಿ ಕಟ್ಟಿಹಾಕಿ. ಒಂಬತ್ತು ತೂಕ ಇದೆ ಎಂದು ಒಂಬತ್ತನ್ನೂ ಬಳಸಿದರೆ ಯಾವುದು ಮುಖ್ಯ ಎಂದು ಓದುಗರಿಗೆ ತಿಳಿಯುವುದಿಲ್ಲ. 400, 600, 800 ಈ ಮೂರು ಸಾಕು. 400 ಮತ್ತು 500 ಅಕ್ಕಪಕ್ಕ ಇಟ್ಟರೆ ಮ್ಯಾಪ್ಲಿಥೋದಲ್ಲಿ ವ್ಯತ್ಯಾಸವೇ ಕಾಣದು.

ಸಾಲಿನ ಅಂತರ: ಇನ್‌ಡಿಸೈನ್ ತಾನಾಗಿ ಕೊಡುವುದು 120%. ಅದು ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ಒಂದೇ ಸಾಲು ಮೇಲೆ ಗುಡಿಸು, ಕೆಳಗೆ ಒಂದರ ಕೆಳಗೊಂದು ಒತ್ತು ಹೊತ್ತಿರುತ್ತದೆ. 155%ರಿಂದ 165% ಬೇಕು. 10.5 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಇಡಿ. ಎ4ನಲ್ಲಿ ಮೇಲೆ 20, ಕೆಳಗೆ ಸುಮಾರು 25 ಮಿ.ಮೀ. ಬಿಟ್ಟರೆ 42 ಸಾಲು ಕೂರುತ್ತದೆ. ಬೇಸ್‌ಲೈನ್ ಗ್ರಿಡ್ಡನ್ನೂ (ಸಾಲುಗಳು ಕೂರುವ ಅಡಿಗೆರೆಗಳನ್ನು) 17ಕ್ಕೇ ಕಟ್ಟಿ. ತಲೆಬರಹ ದೊಡ್ಡದಾದಂತೆ ಈ ಪ್ರಮಾಣ ಇಳಿಯಬಹುದು. 28 ಪಾಯಿಂಟ್‌ಗೆ 36 ಸಾಕಾಗುವುದುಂಟು, ಆದರೆ ಎರಡು ಸಾಲಿನ ಪ್ರತಿ ತಲೆಬರಹವನ್ನೂ ಕಣ್ಣಿಂದ ನೋಡಿಯೇ ಬಿಡಬೇಕು.

ಅದಕ್ಕೂ ಮೊದಲು ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ 'ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿ, ಭಾಷೆ ಕನ್ನಡ ಎಂದಿಡಿ. ಅದಿಲ್ಲದೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಅರ್ಧಾಕ್ಷರಗಳಾಗಿ ನಿಲ್ಲುತ್ತವೆ. ಫಾಂಟ್ ಸರಿಯಿಲ್ಲ ಎಂದು ಜನ ಬೈಯುವ ಅರ್ಧ ಸಂದರ್ಭಗಳಲ್ಲಿ ಕಾರಣ ಇದೇ.

ಮಳೆಗಾಲದ_ಮುದ್ರಣ

ಪ್ರೆಸ್ಸಿನ ಕಡೆಯಿಂದ ನಾಲ್ಕು ಮಾತು. ಸೆಪ್ಟೆಂಬರ್ ಸಭೆ ಎಂದರೆ ಅಚ್ಚಾಗುವುದು ಜುಲೈ-ಆಗಸ್ಟ್‌ನಲ್ಲಿ, ಮಲೆನಾಡಿನ ಮಳೆ ಜೋರಿರುವಾಗ. ಮ್ಯಾಪ್ಲಿಥೋ ತೇವ ಹೀರುತ್ತದೆ. ಹಾಳೆಯ ಅಂಚು ಅಲೆ ಅಲೆಯಾಗುತ್ತದೆ, ನಾರಿನ ಅಡ್ಡಕ್ಕೆ ಹಿಗ್ಗುತ್ತದೆ. ಎರಡನೇ ಬಣ್ಣ ಬೀಳುವ ಹೊತ್ತಿಗೆ ಹಾಳೆ ಮೊದಲಿನ ಅಳತೆಯಲ್ಲಿರುವುದಿಲ್ಲ, ಬಣ್ಣ ಜೋಡಣೆ ತಪ್ಪುತ್ತದೆ. ಫಾಂಟಿಗೂ ಇದಕ್ಕೂ ಏನು ಸಂಬಂಧ ಅಂದರೆ, ಎರಡು ಬಣ್ಣ ಬೆರೆಸಿ ಮಾಡಿದ ಹಸಿರಿನಲ್ಲಿ 10 ಪಾಯಿಂಟ್ ಕನ್ನಡ ಇಟ್ಟರೆ ಪ್ರತಿ ಒತ್ತಕ್ಷರಕ್ಕೂ ನೆರಳು ಬರುತ್ತದೆ. ಅಂಕಿಗಳಿರುವ ಪುಟದಲ್ಲಿ 3 ಮತ್ತು 8 ಗೊಂದಲವಾಗುತ್ತದೆ.

ಆದ್ದರಿಂದ ಓದುವ ಅಕ್ಷರ ಎಲ್ಲವೂ ಒಂಟಿ ಕಪ್ಪು, 100%. ನಾಲ್ಕು ಬಣ್ಣದ ಕಪ್ಪು ಬೇಡ. ವರ್ಡ್‌ನಿಂದ, ಕೆಲವೊಮ್ಮೆ ಕೋರೆಲ್ ಎಂಬ ಚಿತ್ರ ತಂತ್ರಾಂಶದಿಂದ ಬಂದ ಕಪ್ಪು ಆರ್‌ಜಿಬಿ (ಪರದೆಯ ಮೂರು ಬಣ್ಣಗಳ ಲೆಕ್ಕ) ಆಗಿರುತ್ತದೆ, ಪ್ಲೇಟ್ ಮಾಡುವಾಗ ನಾಲ್ಕಕ್ಕೆ ಒಡೆಯುತ್ತದೆ. ಇನ್‌ಡಿಸೈನ್‌ನ ಸೆಪರೇಶನ್ಸ್ ಪ್ರಿವ್ಯೂ ತೆರೆದು ಕಪ್ಪು ಪ್ಲೇಟನ್ನು ಆರಿಸಿ ಮುಚ್ಚಿ. ಪುಟದ ಅಕ್ಷರವೆಲ್ಲ ಮಾಯವಾಗಬೇಕು. ಎಲ್ಲಾದರೂ ಅಕ್ಷರ ಉಳಿದಿದ್ದರೆ ಅಲ್ಲಿ ಬೇರೆ ಬಣ್ಣ ಸೇರಿದೆ ಎಂದರ್ಥ. ಬಣ್ಣದ ತಲೆಬರಹ ಬೇಕೇಬೇಕು ಅಂದರೆ 16 ಪಾಯಿಂಟ್‌ಗಿಂತ ಮೇಲೆ, 600 ತೂಕಕ್ಕಿಂತ ದಪ್ಪದಲ್ಲಿ ಮಾಡಿ.

ಬಣ್ಣದ ಪಟ್ಟಿಯ ಮೇಲೆ ಬಿಳಿ ಅಕ್ಷರ ಇಡುವಾಗ ಇನ್ನೂ ಎಚ್ಚರ ಬೇಕು. ಮಸಿ ಎಲ್ಲ ಕಡೆಯಿಂದ ಒಳಕ್ಕೆ ಹರಡುತ್ತದೆ, ಬಿಳಿ ಗೆರೆ ಸಣ್ಣದಾಗುತ್ತದೆ. ನೋಟೊ ಸೆರಿಫ್‌ನ ತೆಳು ಗೆರೆಗಳು ಇಲ್ಲಿ ಕಡಿದುಹೋಗುತ್ತವೆ. ಕೋಷ್ಟಕದ ತಲೆಸಾಲಿಗೆ ಸಮದಪ್ಪದ ಫಾಂಟ್, ಕನಿಷ್ಠ 10 ಪಾಯಿಂಟ್, 500 ಅಥವಾ 600 ತೂಕ. ನನ್ನ ಸಲಹೆ ಕೇಳಿದರೆ ಬಿಳಿ ಅಕ್ಷರವನ್ನೇ ಬಿಟ್ಟು 10-15% ಕಪ್ಪಿನ ತಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಇಡಿ.

ಕಾಗದದ ಬಂಡಲ್‌ಗಳನ್ನು ಸುತ್ತು ಬಿಚ್ಚದೆ ಒಂದೆರಡು ದಿನ ಯಂತ್ರದ ಕೋಣೆಯಲ್ಲೇ ಇಡಲು ಹೇಳಿ. ಮಳೆಯಲ್ಲಿ ಮಸಿ ಒಣಗುವುದು ನಿಧಾನ, ಅಚ್ಚಾದ ಹಾಳೆಗಳನ್ನು ಎತ್ತರಕ್ಕೆ ಪೇರಿಸಿದರೆ ಮೇಲಿನ ಹಾಳೆಯ ಬೆನ್ನಿಗೆ ಕೆಳಗಿನದ್ದರ ಮಸಿ ಅಂಟುತ್ತದೆ. ಪುಟದ ತುಂಬ ಗಾಢ ಬಣ್ಣ ಬಳಿಯುವ ವಿನ್ಯಾಸ ಒಳಪುಟದಲ್ಲಿ ಬೇಡ ಅನ್ನುವುದಕ್ಕೆ ಅದೂ ಒಂದು ಕಾರಣ. ಕೊನೆಗಳಿಗೆಯಲ್ಲಿ ಫೈಲ್ ಕೊಟ್ಟು ಮರುದಿನವೇ ಬೈಂಡಿಂಗ್ ಕೇಳಬೇಡಿ.

ಫೈಲ್ ಕೊಡುವ ವಿಷಯ. ಪಿಡಿಎಫ್/ಎಕ್ಸ್-4 (ಮುದ್ರಣಕ್ಕೆಂದೇ ಇರುವ ಪಿಡಿಎಫ್ ಬಗೆ), ಫಾಂಟ್ ಎಂಬೆಡ್ ಆಗಿರಬೇಕು, ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆ ಚಾಚಿದ ಅಂಚು). ಹಲವು ಪ್ರೆಸ್ಸುಗಳಲ್ಲಿ ಪುಟ ಜೋಡಣೆಗೆ ಪಿಡಿಎಫ್ ಅನ್ನು ಕೋರೆಲ್‌ಗೆ ಇಂಪೋರ್ಟ್ ಮಾಡುತ್ತಾರೆ. ಆಗ 'ಅಕ್ಷರವನ್ನು ಟೆಕ್ಸ್ಟ್ ಆಗಿ' ತಂದರೆ ಒತ್ತಕ್ಷರ, ಅರ್ಕಾವತ್ತು ಜಾಗ ತಪ್ಪುತ್ತವೆ. 'ಕರ್ವ್ಸ್ ಆಗಿ' (ಅಕ್ಷರವನ್ನು ಬರೀ ಗೆರೆಗಳ ಚಿತ್ರವಾಗಿ) ತರಬೇಕು ಎಂದು ಫೈಲಿನ ಜೊತೆ ಬರೆದು ಕೊಡಿ, ಬಾಯಲ್ಲಿ ಹೇಳಿದ್ದು ಯಂತ್ರದ ಹತ್ತಿರ ತಲುಪುವುದಿಲ್ಲ. ಎಲ್ಲ ತೂಕಗಳೂ ಒಂದೇ ಫೈಲಿನಲ್ಲಿರುವ ವೇರಿಯಬಲ್ ಫಾಂಟ್ ಬೇಡ, ಇಳಿಸಿಕೊಂಡ ಜಿಪ್ ಒಳಗೆ 'ಸ್ಟ್ಯಾಟಿಕ್' ಎಂಬ ಫೋಲ್ಡರ್ ಇರುತ್ತದೆ, ಅದರಲ್ಲಿನ ಬಿಡಿ ಫೈಲುಗಳನ್ನು ಹಾಕಿಕೊಳ್ಳಿ. ಹಳೆಯ ಪ್ಲೇಟ್ ಯಂತ್ರಗಳ ತಂತ್ರಾಂಶಕ್ಕೆ ಅದೇ ಕ್ಷೇಮ.

ತೀರ್ಥಹಳ್ಳಿ_ಡಿಟಿಪಿ

ಅಕ್ಷರಕೂಟ ಅವರ ಮಾತಿನಲ್ಲಿ ಒಂದಕ್ಕೆ ನನ್ನ ತಕರಾರಿದೆ. ಅಗಲ ಕಡಿಮೆ ಇರುವ ರೂಪಗಳು ನೋಟೊ ಸ್ಯಾನ್ಸ್ ಕನ್ನಡದಲ್ಲೂ ಇವೆ, ತೂಕವೂ 100ರಿಂದ 900. ನೋಟೊ ಸೆರಿಫ್ ಮತ್ತು ನೋಟೊ ಸ್ಯಾನ್ಸ್ ಎರಡೂ ಒಂದೇ ಮನೆಯವು. ಸಂಘದ ಕಚೇರಿಯಲ್ಲಿ ವಿನ್ಯಾಸಗಾರರಿಲ್ಲ, ಗುಮಾಸ್ತರೇ ಸಭಾ ನೋಟೀಸು ಟೈಪಿಸಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಬಹುಮಟ್ಟಿಗೆ ನೋಟೊ ಕನ್ನಡವೇ ಕಾಣುವುದರಿಂದ ಓದುವವರ ಕಣ್ಣಿಗೂ ಅದು ರೂಢಿಯಾಗಿದೆ. ಪತ್ರಿಕೆಯ ತಲೆಬರಹಕ್ಕೆ ಅನೇಕ್ ಚೆಂದ, ಒಪ್ಪುತ್ತೇನೆ. ವರದಿಯ ಕೋಷ್ಟಕಕ್ಕೆ ನೋಟೊ ಸ್ಯಾನ್ಸ್ ಇರಲಿ. ಮುಖ್ಯ ಕಾರಣ ಅಂಕಿಗಳು.

ಲೆಕ್ಕದ ಪುಟದಲ್ಲಿ ಪ್ರತಿ ಅಂಕಿಯೂ ಒಂದೇ ಅಗಲ ಇರಬೇಕು, ಇಲ್ಲದಿದ್ದರೆ ಬಲಕ್ಕೆ ಒತ್ತರಿಸಿದ ಮೊತ್ತಗಳಲ್ಲಿ ಲಕ್ಷದ ಅಲ್ಪವಿರಾಮ ಒಂದರ ಕೆಳಗೊಂದು ಬರುವುದಿಲ್ಲ. 11,11,111 ಮತ್ತು 88,88,888 ಎಂದು ಮೇಲೆ ಕೆಳಗೆ ಬರೆದು ನೋಡಿ. ಎರಡೂ ಸಾಲು ಒಂದೇ ಕಡೆ ಮುಗಿದರೆ ಆಯಿತು. ಇಂಗ್ಲಿಷ್ ನೋಟೊ ಸ್ಯಾನ್ಸ್‌ನ ಅಂಕಿಗಳು ಮೊದಲಿನಿಂದಲೇ ಸಮ ಅಗಲದವು. ಬೇರೆ ಫಾಂಟಿನಲ್ಲಿ ಇನ್‌ಡಿಸೈನ್‌ನ ಓಪನ್‌ಟೈಪ್ ಮೆನುವಿನಲ್ಲಿ 'ಟ್ಯಾಬ್ಯುಲರ್ ಲೈನಿಂಗ್' ಆರಿಸಬೇಕು. ಆ ಹೆಸರು ಚೌಕ ಆವರಣದೊಳಗೆ ಕಂಡರೆ ಫಾಂಟಿನಲ್ಲಿ ಆ ಸೌಲಭ್ಯ ಇಲ್ಲ ಎಂದು ಅರ್ಥ. ಕೆಲವರು ಇಂಗ್ಲಿಷಿಗೆ ಜಾರ್ಜಿಯಾ ಹಾಕುತ್ತಾರೆ. ಅದರ ಅಂಕಿಗಳು ಹಳೆಯ ಶೈಲಿಯವು, 3, 4, 5, 7, 9 ಗೆರೆಯಿಂದ ಕೆಳಗಿಳಿಯುತ್ತವೆ. ಲೇಖನದ ನಡುವೆ ಸುಂದರ, ಅಢಾವೆ ಪತ್ರಿಕೆಯಲ್ಲಿ ಸಾಲು ಕುಣಿದಂತೆ ಕಾಣುತ್ತದೆ. ಟೈಮ್ಸ್ ನ್ಯೂ ರೋಮನ್ ಕೂಡ ಬೇಡ. 1932ರಲ್ಲಿ ಲಂಡನ್ನಿನ ಪತ್ರಿಕೆಯ ಕಿರಿದಾದ ಅಂಕಣಗಳಿಗಾಗಿ ಮಾಡಿದ್ದು, ಅಗಲವಾದ ಕನ್ನಡದ ಪಕ್ಕದಲ್ಲಿ ಇಕ್ಕಟ್ಟಾಗಿ ಸಣ್ಣಗೆ ಕಾಣುತ್ತದೆ.

ಮೊತ್ತಗಳಿಗೆ 0-9 ಅಂಕಿಯನ್ನೇ ಇಟ್ಟುಕೊಳ್ಳಿ ಅಥವಾ ಕನ್ನಡ ಅಂಕಿಯನ್ನೇ ಇಟ್ಟುಕೊಳ್ಳಿ, ಒಂದೇ ವರದಿಯಲ್ಲಿ ಎರಡನ್ನೂ ಬೆರೆಸಬೇಡಿ. ₹ ಚಿಹ್ನೆ 2010ರಲ್ಲಿ ಬಂದದ್ದು, ಅದಕ್ಕೂ ಹಳೆಯ ಫಾಂಟುಗಳಲ್ಲಿ ಇರುವುದಿಲ್ಲ, ಚೌಕ ಡಬ್ಬಿ ಬರುತ್ತದೆ. ಪ್ರತಿ ಸಾಲಿಗೂ ₹ ಹಾಕುವ ಬದಲು ಕಂಬದ ತಲೆಯಲ್ಲಿ ಒಮ್ಮೆ 'ರೂ. ಪೈ.' ಎಂದರೆ ಸಾಕು.

ಈಗ ನುಡಿಯಿಂದ ಯೂನಿಕೋಡ್‌ಗೆ ತರುವ ಕೆಲಸ. ನಿಮ್ಮ ಸಮಯ ಹೆಚ್ಚು ತಿನ್ನುವುದು ಇದೇ. ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕೂತಿರುತ್ತವೆ. ಪರಿವರ್ತಕಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡ ಎಂದು ತಿಳಿಯುವುದಿಲ್ಲ. ಪುಟವನ್ನು ಇಡಿಯಾಗಿ ಪರಿವರ್ತಿಸಿದರೆ ಮಿಂಚಂಚೆ ವಿಳಾಸ, ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತ, ಗೊಬ್ಬರ-ಔಷಧಿಗಳ ಇಂಗ್ಲಿಷ್ ಹೆಸರು ಎಲ್ಲ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಮೊದಲು ವರ್ಡ್‌ನಲ್ಲಿ ಫಾಂಟ್ ಹೆಸರಿನ ಮೇಲೆ ಹುಡುಕಿ ಇಂಗ್ಲಿಷ್ ಭಾಗಗಳಿಗೆಲ್ಲ ಒಂದು ಬಣ್ಣ ಕೊಡಿ, ಅವನ್ನು ಬಿಟ್ಟು ಉಳಿದದ್ದನ್ನು ಪ್ಯಾರಾ ಪ್ಯಾರಾವಾಗಿ ಪರಿವರ್ತಿಸಿ. ಶ್ರೀಲಿಪಿ ಎಂಬ ಇನ್ನೊಂದು ಹಳೆಯ ತಂತ್ರಾಂಶದ ಸಂಕೇತ ಬೇರೆ, ನುಡಿಯದು ಬೇರೆ. ಹಳೆಯ ಸಂಚಿಕೆಗಳಲ್ಲಿ ಎರಡೂ ಇದ್ದರೆ ಬೇರೆ ಬೇರೆ ಮಾಡಿಕೊಳ್ಳಿ.

ಪರಿವರ್ತನೆ ಆದ ಮೇಲೆ ಹುಡುಕಿ ತಿದ್ದಬೇಕಾದವು: ಅರ್ಕಾವತ್ತು. ನುಡಿಯಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಕಾರ್ಯದರ್ಶಿ, ನಿರ್ದೇಶಕರು, ಮಾರ್ಚ್ ಈ ಮೂರನ್ನು ನೋಡಿದರೆ ಪರಿವರ್ತಕದ ಬುದ್ಧಿ ಗೊತ್ತಾಗುತ್ತದೆ. ಮುಂದೆ, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಹಾಕಿರುವುದು. 'ಸಂಘ' ಎಂದು ಕಂಡರೂ ಒಳಗೆ 'ಸ೦ಘ' ಇರುತ್ತದೆ. ಫಾಂಟ್ ಬದಲಾಯಿಸಿದ ಕೂಡಲೇ ಆ ಸೊನ್ನೆ ಉಳಿದ ಅನುಸ್ವಾರಗಳಿಗಿಂತ ದೊಡ್ಡದಾಗಿ ಎದ್ದು ಕಾಣುತ್ತದೆ, ಪಿಡಿಎಫ್‌ನಲ್ಲಿ 'ಸಂಘ' ಎಂದು ಹುಡುಕಿದರೆ ಸಿಗುವುದಿಲ್ಲ. ಅಕ್ಷರದ ಹಿಂದೆಯೇ ಬಂದ ೦ ಇದ್ದಲ್ಲೆಲ್ಲ ಅನುಸ್ವಾರ ಹಾಕಿ, ೧೦, ೨೦ ಮುಂತಾದವನ್ನು ಮುಟ್ಟದಂತೆ ನೋಡಿಕೊಳ್ಳಿ.

ಕೊನೆಯದು ಕಣ್ಣಿಗೆ ಕಾಣದ ಸಂಕೇತಗಳು. ರಿಪ್ಪನ್‌ಪೇಟೆಯಲ್ಲಿ 'ನ್' ಆದಮೇಲೆ ಝಡ್‌ಡಬ್ಲ್ಯೂಎನ್‌ಜೆ (ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ ಸಂಕೇತ) ಇರಬೇಕು. ಇಲ್ಲದಿದ್ದರೆ 'ರಿಪ್ಪನ್ಪೇಟೆ' ಎಂದು 'ನ'ಗೆ 'ಪ' ಒತ್ತು ಬೀಳುತ್ತದೆ. ಸಾಫ್ಟ್‌ವೇರ್, ಲೆಟರ್‌ಹೆಡ್‌ಗಳಿಗೂ ಇದೇ. ಇದರ ಅವಳಿ ಝಡ್‌ಡಬ್ಲ್ಯೂಜೆ 'ರ‍್ಯಾಂಕ್' ಬರೆಯಲು ಬೇಕು: ರ, ಝಡ್‌ಡಬ್ಲ್ಯೂಜೆ, ವಿರಾಮ (ಅರ್ಧಾಕ್ಷರದ ಚಿಹ್ನೆ), ಯ, ಈ ಕ್ರಮದಲ್ಲಿ. ಇಲ್ಲದಿದ್ದರೆ 'ರ್ಯಾಂಕ್' ಎಂದು ಅರ್ಕಾವತ್ತಾಗಿ ಹೋಗುತ್ತದೆ. ಕೆಲವು ಪರಿವರ್ತಕಗಳಲ್ಲಿ ಹಾಯಿಸುವಾಗ ಇವು ಉದುರಿಹೋಗಿರುತ್ತವೆ. ನಿಮ್ಮ ಶಾಖೆಗಳ ಊರಿನ ಹೆಸರುಗಳದ್ದೊಂದು ಪಟ್ಟಿ ಸರಿಯಾಗಿ ಮಾಡಿಟ್ಟುಕೊಂಡು ಅಲ್ಲಿಂದಲೇ ನಕಲಿಸಿ.

ಸಾಗರದ_ಪುಟವಿನ್ಯಾಸ

ಮೂವರಿಗೂ ಧನ್ಯವಾದ. ಠೇವಣಿ-ಷೇರು ಪರೀಕ್ಷೆ ಮಾಡಿ ನೋಡಿದೆ. ಈಗ ಬಳಸುತ್ತಿರುವ ದಪ್ಪ ಫಾಂಟ್ 9 ಪಾಯಿಂಟ್‌ನಲ್ಲಿ ಜೆರಾಕ್ಸ್ ಆದ ಮೇಲೆ ಎರಡರಲ್ಲೂ ಸೋತಿತು. ವರದಿಗೆ ನೋಟೊ ಎರಡೂ, ಪತ್ರಿಕೆಯ ತಲೆಬರಹಕ್ಕೆ ಅನೇಕ್ ಎಂದು ತೀರ್ಮಾನಿಸಿದ್ದೇನೆ.

ಇನ್ನೂ ಮೂರು ಸಂಶಯ. ಪತ್ರಿಕೆಯನ್ನು ಮೂರು ಅಂಕಣದಲ್ಲಿ ಮಾಡಿದರೆ ಪದಗಳ ನಡುವೆ ದೊಡ್ಡ ಬಿಳಿ ಜಾಗ ಬರುತ್ತಿದೆ. ಕೊಳೆರೋಗದ ಲೇಖನದಲ್ಲಿ ಶಿಲೀಂಧ್ರದ ವೈಜ್ಞಾನಿಕ ಹೆಸರು ಓರೆಯಾಗಿರಬೇಕು ಎಂದು ಬರೆದವರು ಕೇಳಿದ್ದಾರೆ, ಕನ್ನಡದಲ್ಲಿ ಏನು ಮಾಡುವುದು? ಲೆಟರ್‌ಹೆಡ್ ವರ್ಡ್‌ನಲ್ಲೇ ಬೇಕಂತೆ, ಅಲ್ಲಿ ಕನ್ನಡಕ್ಕೊಂದು ಇಂಗ್ಲಿಷಿಗೊಂದು ಫಾಂಟ್ ಪ್ರತಿ ಸಲ ಬದಲಾಯಿಸಬೇಕೇ?

ಅಕ್ಷರಕೂಟ

ಕ್ರೌನ್ 1/4ರ ಅಗಲ ಸುಮಾರು 184 ಮಿ.ಮೀ. ಎರಡೂ ಬದಿ 15, ನಡುವೆ 5 ಬಿಟ್ಟು ಮೂರು ಅಂಕಣ ಮಾಡಿದರೆ ಒಂದೊಂದಕ್ಕೆ 48 ಮಿ.ಮೀ. ಸಿಗುತ್ತದೆ. 'ಮಾರಾಟಮಾಡಿಕೊಂಡಿದ್ದಾರೆ' ಎಂಬ ಒಂದು ಕ್ರಿಯಾಪದವೇ ಸಾಲಿನ ಬಹುಭಾಗ ತಿನ್ನುತ್ತದೆ. ಸಾಲಿಗೆ ಮೂರು ಪದ ಇದ್ದಾಗ ಎರಡೂ ಅಂಚು ಸಮ ಮಾಡಲು ಹೋದರೆ ಜಾಗ ಬಿಡಲೇಬೇಕು. ಎರಡು ಅಂಕಣ ಮಾಡಿ, 74 ಮಿ.ಮೀ. ಸಿಗುತ್ತದೆ. ಜಸ್ಟಿಫಿಕೇಶನ್‌ನಲ್ಲಿ ಪದಗಳ ನಡುವಿನ ಜಾಗ 85, 100, 130 ಎಂದಿಡಿ. ಅಕ್ಷರಗಳ ನಡುವಿನ ಜಾಗ ಮೂರೂ ಸೊನ್ನೆ, ಅಕ್ಷರದ ಅಗಲ ಮೂರೂ 100. ಅಕ್ಷರ ಬಿಡಿಸಿ ಸಾಲು ತುಂಬಿಸುವುದು ಕನ್ನಡದಲ್ಲಿ ಕಣ್ಣಿಗೆ ಹೊಡೆಯುತ್ತದೆ, ಒತ್ತು ತನ್ನ ಅಕ್ಷರದಿಂದ ದೂರ ಸರಿದ ಹಾಗೆ ಕಾಣುತ್ತದೆ. ಪಕ್ಕದ ಚೌಕಗಳು, ಸಣ್ಣ ಸುದ್ದಿಗಳು 60 ಮಿ.ಮೀ.ಗಿಂತ ಕಿರಿದಾಗಿದ್ದರೆ ಎಡಕ್ಕೆ ಸರಿಸಿ ಬಲ ಅಂಚನ್ನು ಹಾಗೇ ಬಿಡಿ.

ಓರೆ ಅಕ್ಷರ ಕನ್ನಡದ ಬರವಣಿಗೆಯಲ್ಲಿ ಬೆಳೆದು ಬಂದದ್ದಲ್ಲ. ಸುಮ್ಮನೆ ಬಾಗಿಸಿದರೆ ದುಂಡು ಅಕ್ಷರಗಳು ಒಂದು ಕಡೆಗೆ ಚಪ್ಪಟೆಯಾಗುತ್ತವೆ. ವೈಜ್ಞಾನಿಕ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲೇ ಒಮ್ಮೆ ಕೊಟ್ಟು ಅದಕ್ಕೆ ನೋಟೊ ಸೆರಿಫ್ ಇಟಾಲಿಕ್ ಹಾಕಿ, ಮುಂದೆ ಕನ್ನಡದಲ್ಲಿ ಕೊಳೆರೋಗದ ಶಿಲೀಂಧ್ರ ಎಂದರೆ ರೈತರಿಗೂ ಸಾಕು. ಕನ್ನಡದಲ್ಲಿ ಒಂದು ಪದಕ್ಕೆ ಒತ್ತು ಕೊಡಬೇಕಾದಾಗ 600 ತೂಕ ಬಳಸಿ, ಪುಸ್ತಕ-ಯೋಜನೆಗಳ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ.

ಇಂಗ್ಲಿಷ್ ಭಾಗಕ್ಕೆ ಇನ್‌ಡಿಸೈನ್‌ನಲ್ಲಿ ಗ್ರೆಪ್ ಸ್ಟೈಲ್ ಮಾಡಿ. ಪ್ಯಾರಾಗ್ರಾಫ್ ಸ್ಟೈಲ್‌ನ ಒಳಗೆ, ಇಂಗ್ಲಿಷ್ ಅಕ್ಷರ ಸಿಕ್ಕಿದಲ್ಲೆಲ್ಲ ಒಂದು ಕ್ಯಾರೆಕ್ಟರ್ ಸ್ಟೈಲ್ ತಾನಾಗಿ ಬೀಳುವಂತೆ. ಅಳತೆಯನ್ನು 95% ಆಸುಪಾಸಿನಿಂದ ಶುರುಮಾಡಿ ಹೊಂದಿಸಿ. ಕನ್ನಡದ 'ರ' ಇಂಗ್ಲಿಷಿನ ಸಣ್ಣ ಎಕ್ಸ್‌ಗಿಂತ ತುಸು ಎತ್ತರ, ದೊಡ್ಡಕ್ಷರಕ್ಕಿಂತ ಗಿಡ್ಡ ಇದ್ದರೆ ಸಾಲು ಸಮ ಕಾಣುತ್ತದೆ.

ತೀರ್ಥಹಳ್ಳಿ_ಡಿಟಿಪಿ

ವರ್ಡ್‌ನಲ್ಲಿ ಬದಲಾಯಿಸುತ್ತ ಕೂರಬೇಕಿಲ್ಲ. ವರ್ಡ್ ಆಪ್ಶನ್ಸ್‌ನಲ್ಲಿ ಕನ್ನಡವನ್ನು ಎಡಿಟಿಂಗ್ ಭಾಷೆಯಾಗಿ ಸೇರಿಸಿದರೆ ಫಾಂಟ್ ಡೈಲಾಗ್‌ನಲ್ಲಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎಂದು ಬೇರೆಯೇ ಒಂದು ಜಾಗ ಬರುತ್ತದೆ. ಕನ್ನಡ ಅದರ ಮಾತು ಕೇಳುತ್ತದೆ, ಇಂಗ್ಲಿಷ್ ಮೇಲಿನ ಜಾಗದ ಮಾತು ಕೇಳುತ್ತದೆ. ಅಳತೆಯೂ ಬೇರೆ ಬೇರೆ ಕೊಡಬಹುದು, ಕನ್ನಡ 11.5, ಇಂಗ್ಲಿಷ್ 11 ಎಂದು. ಕನ್ನಡದ ಅಕ್ಷರ ಮಾತ್ರ ದೊಡ್ಡದಾಗುತ್ತಿಲ್ಲ ಎಂದು ಗುಮಾಸ್ತರು ಗೊಣಗುವುದೂ ಈ ಎರಡು ಜಾಗಗಳ ಕಾರಣಕ್ಕೇ. 'ನಾರ್ಮಲ್' ಸ್ಟೈಲ್‌ನಲ್ಲೇ ಇದನ್ನು ಹಾಕಿ ಟೆಂಪ್ಲೇಟ್ ಆಗಿ ಉಳಿಸಿ.

ಸಾಲಿನ ಅಂತರಕ್ಕೆ 'ಎಕ್ಸಾಕ್ಟ್ಲಿ' ಬೇಡ. ಅದರಲ್ಲಿ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. 'ಅಟ್ ಲೀಸ್ಟ್' 18 ಪಾಯಿಂಟ್ ಇಡಿ. ಫೈಲ್, ಆಪ್ಶನ್ಸ್, ಸೇವ್‌ಗೆ ಹೋಗಿ ಫಾಂಟ್ ಎಂಬೆಡ್ ಮಾಡುವ ಗುರುತು ಹಾಕಿ, ಆದರೂ ಪ್ರತಿ ಶಾಖೆಯ ಕಂಪ್ಯೂಟರಿನಲ್ಲಿ ಸ್ಟ್ಯಾಟಿಕ್ ಫೈಲುಗಳನ್ನು ಇನ್‌ಸ್ಟಾಲ್ ಮಾಡಿಸಿಬಿಡಿ. ನೋಟೀಸುಗಳನ್ನು ರೈಸೊ ನಕಲು ಯಂತ್ರದಲ್ಲಿ ತೆಗೆಯುವುದಾದರೆ ರೆಗ್ಯುಲರ್ ಬದಲು 500 ತೂಕ ಕೊಡಿ, ಅಳತೆ 12ಕ್ಕಿಂತ ಕೆಳಗೆ ಬೇಡ.

ಮಳೆಗಾಲದ_ಮುದ್ರಣ

ನಾಮಫಲಕದ ಪ್ರಸ್ತಾಪ ಇತ್ತು. 2024ರ ತಿದ್ದುಪಡಿಯ ನಂತರ ಫಲಕದ 60% ಕನ್ನಡವಿರಬೇಕು, ಹಾಗಾಗಿ ಕನ್ನಡ ಹೆಸರನ್ನು ಮೊದಲು ಕೂರಿಸಿ ಉಳಿದ ಜಾಗಕ್ಕೆ ಇಂಗ್ಲಿಷ್ ಅಳತೆ ನಿರ್ಧರಿಸಿ. ಕತ್ತರಿಸಿದ ಅಕ್ರಿಲಿಕ್ ಅಕ್ಷರ ಮಾಡಿಸುವುದಾದರೆ ನೋಟೊ ಸೆರಿಫ್ ಬಿಟ್ಟು ನೋಟೊ ಸ್ಯಾನ್ಸ್ ಅಥವಾ ಅನೇಕ್‌ನ 600 ತೂಕ ಕೊಡಿ. ಒತ್ತಕ್ಷರ, ಅನುಸ್ವಾರ, ದೀರ್ಘ ಇವು ಹಲವು ಕಡೆ ಮೂಲ ಅಕ್ಷರಕ್ಕೆ ತಾಗದೆ ಬೇರೆ ತುಂಡಾಗಿ ಬರುತ್ತವೆ. ಗೋಡೆಗೆ ಅಂಟಿಸುವಾಗ ಅವು ಎಲ್ಲಿಗೆ ಸೇರಬೇಕು ಎಂದು ಕೆಲಸದವರಿಗೆ ತಿಳಿಯಲು ನಿಜ ಅಳತೆಯ ಕಾಗದದ ಪ್ರಿಂಟ್ ಜೊತೆಗೆ ಕೊಟ್ಟರೆ ಅದರ ಮೇಲೇ ಇಟ್ಟು ಗುರುತು ಹಾಕಿಕೊಳ್ಳುತ್ತಾರೆ. ಕತ್ತರಿಸಲು ಕೊಡುವ ಫೈಲನ್ನು ಕರ್ವ್ಸ್ ಮಾಡಿ, ಒಂದರ ಮೇಲೊಂದು ಹಾದ ಗೆರೆಗಳನ್ನು 'ವೆಲ್ಡ್' ಮಾಡಿಯೇ ಕಳಿಸಿ. ಮಾಡದಿದ್ದರೆ ಯಂತ್ರ ಅಕ್ಷರದ ಒಳಗೂ ಕತ್ತರಿಸುತ್ತದೆ.

ರಸೀದಿ ಪುಸ್ತಕಕ್ಕೆ ಒಂದೇ ಸೂಚನೆ: ಹೆಸರು, ಸದಸ್ಯತ್ವ ಸಂಖ್ಯೆ, ಮೊತ್ತ ಇವುಗಳ ಮುದ್ರಿತ ಪದಗಳು 9 ಪಾಯಿಂಟ್ ನೋಟೊ ಸ್ಯಾನ್ಸ್, ಕೈಬರಹದ ಸಾಲುಗಳ ನಡುವೆ 9 ಮಿ.ಮೀ. ಬಿಡಿ. ಅದಕ್ಕಿಂತ ಕಡಿಮೆ ಬಿಟ್ಟರೆ ಬರೆದವರ ಒತ್ತಕ್ಷರ ಕೆಳಗಿನ ಮುದ್ರಿತ ಪದದ ಮೇಲೆ ಬೀಳುತ್ತದೆ.